ಹವಾಮಾನ ಬದಲಾವಣೆ ಅಂದ ಕೂಡಲೇ "ನೀನು ಯಾವ ಪಕ್ಷ" ಅಂತ ಯಾಕೆ ಕೇಳ್ತಾರೆ?

ಮಾದಾಪುರದವಳು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ, ಇಲ್ಲಿ ಕೇಳೋಣ ಅನಿಸಿತು. ನಮ್ಮ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಈ ಸಲ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸರಿಯಾಗಿ ಬಂದಿಲ್ಲ, ಕೆರೆಯಲ್ಲಿ ನೀರಿಲ್ಲ, ಸ್ಪ್ರಿಂಕ್ಲರ್ ಹಾಕೋಣ ಅಂದರೆ ಡೀಸೆಲ್ ಖರ್ಚು ಜಾಸ್ತಿ ಅಂತ ಮಾತು ನಡೆಯುತ್ತಿತ್ತು. ಇದಕ್ಕೂ ಹವಾಮಾನ ಬದಲಾವಣೆಗೂ ಸಂಬಂಧ ಇರಬಹುದು, ಅದರಲ್ಲಿ ನಮ್ಮ ಪಾಲೂ ಇದೆ ಅಂತ ನಾನು ಎರಡು ಸಾಲು ಬರೆದೆ. ಅಷ್ಟೇ. ಅಲ್ಲಿಂದ ಮಾತು ಪಶ್ಚಿಮ ಘಟ್ಟ ಉಳಿಸುವ ಬಗೆಗಿನ ಗಾಡ್ಗೀಳ್ ವರದಿಗೆ ಹೋಯಿತು, ಆಮೇಲೆ ಕಸ್ತೂರಿರಂಗನ್ ವರದಿ, ಆಮೇಲೆ ಡೋಂಗಿ ಪರಿಸರವಾದಿಗಳು, ಕೊನೆಗೆ ನಮ್ಮ ಚಿಕ್ಕಪ್ಪ ಒಬ್ಬರು "ನೀನು ಆ ಪಕ್ಷದವಳು ಅಂತ ಗೊತ್ತಿರಲಿಲ್ಲ" ಅಂದರು. ನಾನು ಯಾವ ಪಕ್ಷದ ಹೆಸರೂ ಎತ್ತಿರಲಿಲ್ಲ!

ತೆರಿಗೆ ಎಷ್ಟಿರಬೇಕು, ರಸ್ತೆ ಯಾವ ಊರಿನ ಮೇಲೆ ಹೋಗಬೇಕು, ಇದರಲ್ಲಿ ಇಬ್ಬರಿಗೆ ಎರಡು ಅಭಿಪ್ರಾಯ ಇರಬಹುದು, ಇಬ್ಬರೂ ಒಳ್ಳೆಯವರೇ ಆಗಿರಬಹುದು. ಅದು ರಾಜಕೀಯ, ಒಪ್ಪಿದೆ. ಆದರೆ ಒಬ್ಬರು ಮಾಡಿದ ಕೆಲಸಕ್ಕೆ ಯಾವತ್ತೂ ನೋಡದ ಇನ್ಯಾರದೋ ಮನೆ ಕೊಚ್ಚಿಕೊಂಡು ಹೋಗುತ್ತದೆ ಅಂದರೆ ಅದು ಸರಿ ತಪ್ಪಿನ ಪ್ರಶ್ನೆ ಅಲ್ವಾ? 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಆದ ಭೂಕುಸಿತ ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ. ಮರುವರ್ಷ ತೋರ, ಅದರ ಮರುವರ್ಷ ತಲಕಾವೇರಿಯ ಬೆಟ್ಟ. ಇಷ್ಟಾದ ಮೇಲೂ ನಾವು ಪಕ್ಷದ ಲೆಕ್ಕದಲ್ಲೇ ಮಾತಾಡಬೇಕಾ? ನಾನು ಹೇಳೋದು ಸುಮ್ನೆ ಭಾವುಕತೆ ಅನಿಸಿದರೆ ನೇರವಾಗಿ ಹೇಳಿ, ಬೇಜಾರಿಲ್ಲ.

ಪೊನ್ನಂಪೇಟೆ ತೋಟದವ

ತಂಗೀ, ನೇರವಾಗಿ ಹೇಳು ಅಂದಿದ್ದೀಯ, ಹೇಳುತ್ತೇನೆ. ನೈತಿಕತೆ ಅನ್ನೋ ಮಾತು ಬಂದಾಗೆಲ್ಲ ನನಗೆ ಸ್ವಲ್ಪ ಭಯ. ಯಾಕೆ ಗೊತ್ತಾ, ನೈತಿಕತೆ ಅಂದ ತಕ್ಷಣ ಹೊರೆ ಸಣ್ಣವನ ಮೇಲೆ ಬೀಳುತ್ತದೆ. ನಿನ್ನ ಮನೆಯ ಲೈಟ್ ಆರಿಸು, ನಿನ್ನ ಜೀಪು ಓಡಿಸಬೇಡ, ಪ್ಲಾಸ್ಟಿಕ್ ಬಿಡು. ಈ "ಇಂಗಾಲದ ಹೆಜ್ಜೆಗುರುತು" ಅಂತ ಒಬ್ಬೊಬ್ಬರ ಪಾಲಿನ ಹೊಗೆಯ ಲೆಕ್ಕ ಹಾಕೋದನ್ನು ಲೋಕಕ್ಕೆಲ್ಲ ಹಬ್ಬಿಸಿದ್ದರಲ್ಲಿ ದೊಡ್ಡ ಪಾಲು ಯಾರದ್ದು? ಬಿಪಿ ಅನ್ನೋ ಬ್ರಿಟಿಷ್ ಎಣ್ಣೆ ಕಂಪನಿಯದ್ದು, 2000ದ ನಂತರದ ಅವರ ಜಾಹೀರಾತುಗಳಲ್ಲಿ. ಎಣ್ಣೆ ತೆಗೆದು ಮಾರುವವನೇ ನಿನ್ನ ಕೈಯಲ್ಲೇ ನಿನ್ನ ಪಾಪ ಎಷ್ಟು ಅಂತ ಲೆಕ್ಕ ಹಾಕಿಸುತ್ತಾನೆ. ಚೆನ್ನಾಗಿದೆ ಅಲ್ವಾ ವ್ಯಾಪಾರ.

ನಮ್ಮ ತೋಟದ್ದೇ ಒಂದು ಉದಾಹರಣೆ ಕೊಡುತ್ತೇನೆ. ಕಾಡುಮರದ ನೆರಳು ಹೋಗಿ ಎಲ್ಲ ಕಡೆ ಸಿಲ್ವರ್ ಓಕ್ ಯಾಕೆ ಬಂತು? ಪ್ಲಾಂಟರುಗಳು ಕೆಟ್ಟವರು ಅಂತಲಾ? ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸು ಹಬ್ಬಿಸಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಾಗಿಲ್ಲ. ಕಾಡುಮರ ಬೆಳೆಸಿದರೆ ನಾಳೆ ಕಷ್ಟಕಾಲದಲ್ಲಿ ಅದು ನನ್ನದಾ ಸರ್ಕಾರದ್ದಾ ಅಂತ ಕೇಳಬೇಕು. ನಮ್ಮ ಬಾಣೆ ಜಮೀನಿನ ಮರದ ಹಕ್ಕಿನ ಕತೆ ಇಲ್ಲಿ ಬೇಡ, ಶುರು ಮಾಡಿದರೆ ಮುಗಿಯೋದಿಲ್ಲ. ಹೇಳೋದೇನೆಂದರೆ ಕಾನೂನೇ ತಪ್ಪು ಮರದ ಕಡೆಗೆ ತಳ್ಳುವಾಗ ನನಗೆ ನೀತಿ ಹೇಳಿ ಏನು ಪ್ರಯೋಜನ? ಕಾನೂನು ಬದಲಾಯಿಸಬೇಕು. ಕಾನೂನು ಬದಲಾಯಿಸೋದು ಅಂದರೆ ರಾಜಕೀಯ.

ಇನ್ನೊಂದು. ಓಝೋನ್ ಪದರಕ್ಕೆ ತೂತು ಬಿದ್ದಾಗ ಯಾರೂ ಮನೆಮನೆಗೆ ಹೋಗಿ ಫ್ರಿಜ್ ಬಿಡಿ ಅಂತ ಉಪದೇಶ ಮಾಡಲಿಲ್ಲ. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಕೂತು ಒಪ್ಪಂದ ಮಾಡಿಕೊಂಡವು, ಫ್ರಿಜ್ಜಿನಲ್ಲಿ ಬಳಸುತ್ತಿದ್ದ, ಪದರ ಹಾಳು ಮಾಡುವ ಆ ಗ್ಯಾಸನ್ನೇ ಹಂತಹಂತವಾಗಿ ನಿಲ್ಲಿಸಿದವು. ಪದರ ಈಗ ನಿಧಾನವಾಗಿ ಸರಿಯಾಗುತ್ತಿದೆ. ಅದು ಶುದ್ಧ ರಾಜಕೀಯ, ಒಳ್ಳೆಯ ರಾಜಕೀಯ.

ಹಳೇ ಮೇಷ್ಟ್ರು, ಸೋಮವಾರಪೇಟೆ

ಪೊನ್ನಂಪೇಟೆಯವರು ಹೇಳಿದ್ದರಲ್ಲಿ ಸಿಲ್ವರ್ ಓಕಿನ ಮಾತು ನೂರಕ್ಕೆ ನೂರು ಸರಿ. ಆದರೆ ಅವರು ಎರಡು ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ಪರಿಹಾರ ಯಾವ ದಾರಿಯಲ್ಲಿ ಬರುತ್ತದೆ ಅನ್ನೋದು ಒಂದು ಪ್ರಶ್ನೆ. ಅದು ರಾಜಕೀಯದ ದಾರಿಯಲ್ಲೇ ಬರಬೇಕು, ಬೇರೆ ದಾರಿ ಇಲ್ಲ. ಆದರೆ ಪರಿಹಾರ ಯಾಕೆ ಬೇಕು, ಯಾರು ಯಾರಿಗೆ ಬಾಕಿ ಇದ್ದಾರೆ ಅನ್ನೋದು ಬೇರೆ ಪ್ರಶ್ನೆ, ಅದನ್ನು ವೋಟಿನಿಂದ ತೀರ್ಮಾನ ಮಾಡಲು ಆಗೋದಿಲ್ಲ. ಮಾಂಟ್ರಿಯಲ್ ಒಪ್ಪಂದವೇ ತಗೊಳ್ಳಿ. ಇದು ತಪ್ಪು, ನಿಲ್ಲಿಸಬೇಕು ಅಂತ ಒಪ್ಪಿದ ಮೇಲೆ ತಾನೇ ಅವರು ಮೇಜಿನ ಮುಂದೆ ಕೂತದ್ದು?

ಮೊದಲು ಈ ಪಕ್ಷದ ಭ್ರಮೆ ಬಿಡೋಣ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾಗಬಹುದು ಅಂತ ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ. ಆಗ ನಮ್ಮ ಈಗಿನ ಪಕ್ಷಗಳಲ್ಲಿ ಎಷ್ಟು ಹುಟ್ಟಿದ್ದವು? 1989ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಇದರ ಬಗ್ಗೆ ಗಟ್ಟಿಯಾಗಿ ಮಾತಾಡಿದವರು ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಅಪ್ಪಟ ಬಲಪಂಥದ ಹೆಂಗಸು, ಓದಿದ್ದು ಕೆಮಿಸ್ಟ್ರಿ. 1992ರಲ್ಲಿ ರಿಯೋದಲ್ಲಿ ಅಮೆರಿಕದ ಪರವಾಗಿ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದವರು ಬಲಪಂಥದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಹಿರಿಯ ಬುಷ್. ಅಂದರೆ ಇದಕ್ಕೆ ಪಕ್ಷದ ಬಣ್ಣ ಹತ್ತಿದ್ದು ಆಮೇಲೆ, ಹತ್ತಿಸಿದವರಿಗೆ ಅದರಿಂದ ಲಾಭ ಇತ್ತು.

ಈಗ ಮುಖ್ಯ ಮಾತು. ಕಾರ್ಖಾನೆಗಳು ಬರುವ ಮೊದಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಇವತ್ತು ಬಿಟ್ಟ ಹೊಗೆಯಲ್ಲಿ ಒಂದು ದೊಡ್ಡ ಪಾಲು ನೂರಾರು ವರ್ಷ ಮೇಲೆಯೇ ಇರುತ್ತದೆ. ನಮ್ಮ ಚುನಾವಣೆ ಐದು ವರ್ಷಕ್ಕೊಮ್ಮೆ. ಇದರ ಫಲ ಉಣ್ಣುವವರಲ್ಲಿ ಬಹಳ ಜನ ಇನ್ನೂ ಹುಟ್ಟೇ ಇಲ್ಲ, ಅವರಿಗೆ ವೋಟಿಲ್ಲ, ಯೂನಿಯನ್ ಇಲ್ಲ, ಅವರ ಪರವಾಗಿ ಎಂಎಲ್‌ಎ ಮನೆ ಮುಂದೆ ಧರಣಿ ಕೂರುವವರೂ ಇಲ್ಲ. ರಾಜಕೀಯ ನಡೆಯೋದು ಗಲಾಟೆ ಮಾಡುವ ಶಕ್ತಿ ಇರುವವರ ನಡುವೆ. ಆ ಶಕ್ತಿಯೇ ಇಲ್ಲದವನಿಗೆ ನಾವು ಏನು ಮಾಡಬೇಕು ಅಂತ ಕೇಳಿದ ಕೂಡಲೇ ಅದು ನೀತಿಯ ಪ್ರಶ್ನೆ.

ಹುಟ್ಟದವರು ಯಾಕೆ, ಈಗ ಇರುವವರನ್ನೇ ನೋಡಿ. ಒಬ್ಬ ಅಮೆರಿಕದವನ ಪಾಲಿನ ಹೊಗೆ ವರ್ಷಕ್ಕೆ 14 ಟನ್ನಿನ ಆಸುಪಾಸು, ಭಾರತೀಯನದ್ದು ಸುಮಾರು 2 ಟನ್. ಇದನ್ನು ನಾವು ಲೋಕದ ಎದುರು ಎದೆ ತಟ್ಟಿ ಹೇಳುತ್ತೇವೆ, "ನೀವು ಮಾಡಿದ್ದು, ನೀವೇ ತೆರಬೇಕು" ಅಂತ. ನ್ಯಾಯವಾದ ಮಾತೇ. 1992ರ ಒಪ್ಪಂದದಲ್ಲೂ ಹೊಣೆ ಎಲ್ಲರದ್ದು, ಆದರೆ ಒಂದೇ ಸಮ ಅಲ್ಲ ಅಂತ ಬರೆದಿದೆ. ಆದರೆ ಅದೇ ಮಾತನ್ನು ಕೊಡಗಿನ ಒಳಗೆ ಹೇಳಿ ನೋಡಿ! ಎಸಿ ಹಾಕಿದ ರೆಸಾರ್ಟಿನವನದ್ದೂ ಲೈನ್‌ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆ) ಒಂದು ಬಲ್ಬಿನ ಕೆಳಗೆ ಮಲಗುವವನದ್ದೂ ಸೇರಿಸಿದ ಸರಾಸರಿ ಆ 2 ಟನ್. ದೆಹಲಿಯವರು ವಾಷಿಂಗ್ಟನ್ನಿಗೆ ಕೇಳುವ ಪ್ರಶ್ನೆಯನ್ನು ಲೈನ್‌ಮನೆಯವನು ನಮಗೆ ಕೇಳಿದರೆ ನಮ್ಮ ಹತ್ತಿರ ಉತ್ತರ ಇದೆಯಾ?

ಮಳೆ ದೇವರು ಕೊಟ್ಟಿದ್ದು, ಅದಕ್ಕೆ ಯಾರು ಹೊಣೆ ಅನ್ನುವವರಿಗೆ ಒಂದು ಮಾತು. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವಲ್ಲ, ಆ ದಿನದ ಮಳೆಯನ್ನು ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿ ನೋಡಿತು. ಭೂಮಿ ಬಿಸಿಯಾಗಿರೋದರಿಂದ ಮಳೆ ಶೇ 10ರಷ್ಟು ಜೋರಾಗಿತ್ತು ಅಂದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಿನ ಆವಿ ಹಿಡಿಯುತ್ತದೆ, ಅದು ಪಾಠದ ಪುಸ್ತಕದ ವಿಷಯ. ಮತ್ತೆ ನಮ್ಮ 2018ರ ನಂತರ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದರ ಕಡೆಗೆ ಬೆರಳು ತೋರಿಸಿದರು. ಮಳೆ ಜೋರಾಗಿಸಿದ್ದು ದೂರದವರ ಹೊಗೆ, ಗುಡ್ಡ ಸಡಿಲ ಮಾಡಿದ್ದು ನಮ್ಮದೇ ಜೆಸಿಬಿ. ಎರಡರಲ್ಲೂ ಮನುಷ್ಯನ ಕೈ ಇದೆ. ಕೈ ಇದ್ದ ಮೇಲೆ ಹೊಣೆಯೂ ಇದೆ.

ಉದ್ದ ಆಯಿತು, ಮೇಷ್ಟ್ರ ಚಾಳಿ.

ಕರಡಿಗೋಡು ಹೊಳೆಬದಿ

ಮೇಲೆ ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾವು ಕಾವೇರಿ ಬದಿಯವರು, 2019ರಲ್ಲಿ ಮನೆ ಹೋಯಿತು. ಮಳೆಗಾಲ ಬಂದರೆ ಜಾಗ ಖಾಲಿ ಮಾಡಿ ಅಂತ ನೋಟಿಸ್ ಬರುತ್ತದೆ, ಎಲ್ಲಿಗೆ ಹೋಗಬೇಕು ಅಂತ ಮಾತ್ರ ಅದರಲ್ಲಿ ಇರೋದಿಲ್ಲ. ನಮ್ಮನ್ನು ಒತ್ತುವರಿ ಮಾಡಿದವರು ಅಂತಾರೆ. ತೋಟದ ಕೆಲಸ ಮಾಡುವವರಿಗೆ ಹೊಳೆ ಬದಿ ಬಿಟ್ಟು ಬೇರೆ ಎಲ್ಲಿ ಜಾಗ ಸಿಗುತ್ತಿತ್ತು? ಮನೆಯಲ್ಲಿ ಕಾರಿಲ್ಲ, ವಿಮಾನ ಹತ್ತಿಲ್ಲ. ಇದು ನೈತಿಕವೋ ರಾಜಕೀಯವೋ ನೀವೇ ತೀರ್ಮಾನ ಮಾಡಿ. ಎರಡು ಕಡೆಯವರೂ ವೋಟು ಕೇಳಲು ಬರುತ್ತಾರೆ, ಅಷ್ಟು ಗೊತ್ತು.

ಬೆಂಗಳೂರಲ್ಲಿರೋ ಕುಶಾಲನಗರದವನು

ಹೊಳೆಬದಿಯವರ ಮಾತು ಓದಿದ ಮೇಲೆ ಬರೆಯಲು ಸ್ವಲ್ಪ ಹಿಂಜರಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ನಾನು ಕುಡಿಯೋದು ಅದೇ ಕಾವೇರಿ ನೀರು. ಅದನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯಿತು, ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್. ಎಷ್ಟು ಕರೆಂಟ್ ಬೇಕು ಯೋಚಿಸಿ. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದೇ ನೀರಲ್ಲಿ ಕಾರು ತೊಳೆಯುತ್ತಾರೆ. ವೀಕೆಂಡ್ ಬಂದರೆ ಅದೇ ಕಾರು ಮಡಿಕೇರಿ ಹತ್ತುತ್ತದೆ. ರಾಜಾಸೀಟಿನ ಹತ್ತಿರ ಟ್ರಾಫಿಕ್ ಜಾಮ್ ಅಂತ ಬೈಯುವವರಲ್ಲಿ ನಾನೂ ಒಬ್ಬ, ಆ ಜಾಮಿನ ಒಳಗೇ ಕೂತು.

ಮೇಷ್ಟ್ರೇ, ಒಂದು ಸೇರಿಸಬಹುದು. 2024ರಲ್ಲಿ ಸುಪ್ರೀಂ ಕೋರ್ಟೇ ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೇಸಿನಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯೋದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಬರುವ ಹಕ್ಕು ಅಂತ ಹೇಳಿದೆ. ಹಕ್ಕು ಅಂದ ಮೇಲೆ ಅದು ಬಹುಮತದ ಕೃಪೆಯಲ್ಲಿ ಇರೋದಿಲ್ಲ.

ಮಾದಾಪುರದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೊನ್ನಂಪೇಟೆ ಅಣ್ಣ, ನಿಮ್ಮ ಭಯ ಅರ್ಥವಾಯಿತು, ಆದರೆ ಒಂದು ಕೇಳುತ್ತೇನೆ. ಕೊಡಗಿನಲ್ಲಿ ಸುಮಾರು 1,200 ದೇವರಕಾಡುಗಳಿವೆ ಅಂತಾರೆ. ಅವು ಉಳಿದದ್ದು ಯಾವ ಬಿಲ್ ಪಾಸಾಗಿ? ಅಲ್ಲಿ ಕೊಡಲಿ ಹಾಕಬಾರದು ಅಂತ ಊರೇ ಒಪ್ಪಿತ್ತು. ಅದೂ ಒಂದು ಕಟ್ಟುಪಾಡೇ ಅಲ್ವಾ, ಸರ್ಕಾರ ಬೇಕಾಗಲಿಲ್ಲ.

ಪೊನ್ನಂಪೇಟೆ ತೋಟದವ

ದೇವರಕಾಡಿನ ಮಾತು ಎತ್ತಿ ನನ್ನನ್ನು ಚೆನ್ನಾಗಿ ಕಟ್ಟಿಹಾಕಿದೆ ತಂಗೀ! ಆದರೆ ಪೂರ್ತಿ ಬಿಡೋದಿಲ್ಲ. ಅದೇ ದೇವರಕಾಡುಗಳಲ್ಲಿ ಎಷ್ಟೋ ಕಡೆ ಒತ್ತುವರಿ ಆಗಿದೆ, ಸುತ್ತ ಕಾಫಿ ನುಗ್ಗಿದೆ. ಯಾವಾಗ? ಕಾಫಿ ರೇಟು ಏರಿದಾಗ. ದೇವರ ಭಯ ಇದ್ದವರೇ ನುಗ್ಗಿಸಿದ್ದು. ಬರೀ ನೀತಿ ಎಷ್ಟು ದೂರ ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಬೇಲಿಯೂ ಬೇಕು, ಸರ್ವೆಯೂ ಬೇಕು.

ಮೇಷ್ಟ್ರು ಕೇಳಿದ ಲೈನ್‌ಮನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಅದನ್ನು ಒಪ್ಪುತ್ತೇನೆ. ನಮ್ಮ ತೋಟದ ಕೆಲಸದವರಲ್ಲೂ ಹೊಳೆ ಬದಿಯವರು ಇದ್ದಾರೆ. ಜಾಗ ಕೊಡಬೇಕಾದವರು ಸರ್ಕಾರ ಅಂತ ನಾವು ಪ್ಲಾಂಟರುಗಳು ಹೇಳುತ್ತೇವೆ, ಕೆಲಸಕ್ಕೆ ಕರೆತಂದವರು ತೋಟದವರು ಅಂತ ಸರ್ಕಾರದವರು ಹೇಳುತ್ತಾರೆ. ಹೀಗೇ ವರ್ಷ ಹೋಗುತ್ತಿದೆ. ಕರಡಿಗೋಡಿನವರೇ, ನಮ್ಮ ಬೆಳೆಗಾರರ ಸಭೆಯಲ್ಲಿ ಮುಂದಿನ ಸಲ ಈ ವಿಷಯ ಎತ್ತುತ್ತೇನೆ, ಏನಾಗುತ್ತದೆ ನೋಡೋಣ. ಅಲ್ಲಿ ನನ್ನನ್ನೂ "ಯಾವ ಪಕ್ಷ" ಅಂತ ಕೇಳುತ್ತಾರೆ, ಗ್ಯಾರಂಟಿ.

ಹಳೇ ಮೇಷ್ಟ್ರು, ಸೋಮವಾರಪೇಟೆ

ಕೇಳಲಿ ಬಿಡಿ. ಸಭೆಯಲ್ಲಿ ಗೊಬ್ಬರದ ಮಾತೂ ಎತ್ತಿ. ಯೂರಿಯಾ ಲೆಕ್ಕವಿಲ್ಲದೆ ಸುರಿದರೆ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಬರುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಮಾಡುವ ಅನಿಲ. ಇದು ಮಾತ್ರ ನಮ್ಮ ಕೈಯಲ್ಲೇ ಇರುವ ವಿಷಯ, ಯಾವ ಕಾನೂನಿಗೂ ಕಾಯಬೇಕಾಗಿಲ್ಲ, ದುಡ್ಡೂ ಉಳಿಯುತ್ತದೆ.

ಪೊನ್ನಂಪೇಟೆ ತೋಟದವ

ಕಮ್ಮಿ ಮಾಡಿದರೆ ರೋಬಸ್ಟಾ ಕಾಫಿ ಇಳುವರಿ ಬೀಳೋದಿಲ್ವಾ ಮೇಷ್ಟ್ರೇ? ಕೈಸುಟ್ಟುಕೊಳ್ಳೋಕೆ ಆಗೋದಿಲ್ಲ.

ಹಳೇ ಮೇಷ್ಟ್ರು, ಸೋಮವಾರಪೇಟೆ

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ ನೋಡಿ. ಎಷ್ಟು ಬೇಕು ಅಂತ ಗೊತ್ತಾದ ಮೇಲೆ ಅಷ್ಟೇ ಹಾಕಿ. ಪಕ್ಕದ ತೋಟದವನು ಎಷ್ಟು ಹಾಕಿದ ಅಂತ ನೋಡಿ ಹಾಕಬೇಡಿ, ನಮ್ಮಲ್ಲಿ ಅರ್ಧ ಗೊಬ್ಬರ ಹೋಗೋದು ಆ ಲೆಕ್ಕದಲ್ಲೇ.