‘ಪ್ರೇಷಿತ ಪರಂಪರೆ’ಯೋ, ‘ಪ್ರೇಷಿತ ಉತ್ತರಾಧಿಕಾರ’ವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ರೈಸ್ತ ಧರ್ಮಸಭೆಯ ಇತಿಹಾಸ ಕುರಿತ ಒಂದು ಅನುವಾದದ ಕರಡು ತಿದ್ದುತ್ತಿದ್ದೇನೆ. ‘ಅಪೊಸ್ಟಾಲಿಕ್ ಸಕ್ಸೆಷನ್’ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಅನುವಾದಕರು ಒಂದು ಅಧ್ಯಾಯದಲ್ಲಿ ‘ಪ್ರೇಷಿತ ಪರಂಪರೆ’ ಎಂದಿದ್ದಾರೆ, ಮುಂದಿನದರಲ್ಲಿ ‘ಅಪೊಸ್ತಲಿಕ ಉತ್ತರಾಧಿಕಾರ’ ಎಂದಿದ್ದಾರೆ. ಅಚ್ಚುಮನೆಯಿಂದ ಮರಳಿ ಬಂದ ಪುಟಗಳಲ್ಲಿ ಯಾರೋ ಎರಡನ್ನೂ ಹೊಡೆದು ‘ಅಪೊಸ್ತಲರ ವಂಶಾವಳಿ’ ಎಂದು ಮಾಡಿದ್ದರು. ಅದನ್ನು ಕಂಡು ನಿಜಕ್ಕೂ ಬೇಸರವಾಯಿತು. ಇಲ್ಲಿ ವಂಶದ ಮಾತೇ ಇಲ್ಲ. ಅಪೊಸ್ತಲರಿಗೆ, ಎಂದರೆ ಯೇಸು ಆರಿಸಿಕೊಂಡ ಶಿಷ್ಯರಿಗೆ, ದೊರೆತ ಹೊಣೆ ಮತ್ತು ಅಧಿಕಾರ, ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುವ ಕ್ರಮದ ಮೂಲಕ, ನಡುವೆ ಎಲ್ಲೂ ಕಡಿಯದೆ ಇಂದಿನ ಬಿಷಪರವರೆಗೆ ಬಂದಿದೆ ಎಂಬ ನಂಬಿಕೆ ಅದು. ಕಥೋಲಿಕರು, ಆರ್ಥಡಾಕ್ಸ್ ಸಭೆಗಳವರು, ತಮ್ಮದೇ ರೀತಿಯಲ್ಲಿ ಆಂಗ್ಲಿಕನ್ನರು ಇದನ್ನು ಒಪ್ಪುತ್ತಾರೆ.

ಮೊದಲರ್ಧದ ತೊಡಕು ಚಿಕ್ಕದು. ಪ್ರೊಟೆಸ್ಟೆಂಟರ ಕನ್ನಡ ಬೈಬಲಿನಲ್ಲಿ ‘ಅಪೊಸ್ತಲರ ಕೃತ್ಯಗಳು’, ಕಥೋಲಿಕರದರಲ್ಲಿ ‘ಪ್ರೇಷಿತರ ಕಾರ್ಯಕಲಾಪಗಳು’. ಮೂಲದ ಗ್ರೀಕ್ ‘ಅಪೊಸ್ತೊಲೊಸ್’ಗೆ ಕಳುಹಿಸಲ್ಪಟ್ಟವನು ಎಂದು ಅರ್ಥ, ‘ಪ್ರೇಷಿತ’ವೂ ಅದನ್ನೇ ಹೇಳುತ್ತದೆ. ಸಿರಿಯಾಕಿನ ‘ಶ್ಲೀಹಾ’ ಕೂಡ ಹಾಗೆಯೇ. ‘ದೂತ’ ಹೊಂದುತ್ತಿತ್ತು, ಆದರೆ ಆ ಜಾಗವನ್ನು ‘ದೇವದೂತ’ ಆಗಲೇ ಹಿಡಿದುಬಿಟ್ಟಿದೆ. ಅರ್ಥ ಪದದೊಳಗೇ ಕಾಣುತ್ತದೆ ಎಂಬ ಕಾರಣಕ್ಕೆ ನನ್ನ ಒಲವು ‘ಪ್ರೇಷಿತ’ದ ಕಡೆಗೆ. ಇದಕ್ಕೆ ಯಾರ ಆಕ್ಷೇಪವೂ ಇರಲಾರದು ಎಂದುಕೊಂಡಿದ್ದೇನೆ.

ನಿಜವಾದ ಕಷ್ಟ ಎರಡನೆಯ ಅರ್ಧದ್ದು. ಗ್ರೀಕಿನಲ್ಲಿ ಅದು ‘ದಿಯದೊಖೆ’. ಒಬ್ಬರ ಕೈಯಿಂದ ಮತ್ತೊಬ್ಬರು ಪಡೆಯುವುದು ಎಂಬ ಭಾವ ಅದರೊಳಗಿದೆ. ಅಲೆಕ್ಸಾಂಡರನ ನಂತರ ಅವನ ರಾಜ್ಯ ಹಂಚಿಕೊಂಡ ಸೇನಾಪತಿಗಳನ್ನು ಇದೇ ಧಾತುವಿನಿಂದ ‘ದಿಯದೊಖೊಯ್’ ಎಂದರು. ತತ್ತ್ವಶಾಸ್ತ್ರದ ಶಾಲೆಗಳಲ್ಲಿ ಗುರುವಿನ ನಂತರ ಶಾಲೆಯನ್ನು ನಡೆಸಿದವರ ಸಾಲಿಗೂ ‘ದಿಯದೊಖೆ’ಯೇ ಹೆಸರು. ಎಂದರೆ ನಮ್ಮ ‘ಉತ್ತರಾಧಿಕಾರ’ ಮತ್ತು ‘ಗುರುಪರಂಪರೆ’ ಎರಡನ್ನೂ ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ನಾವು ಎರಡರಲ್ಲಿ ಒಂದನ್ನು ಆರಿಸಬೇಕಾಗಿದೆ, ಆರಿಸಿದ ಕೂಡಲೇ ಅರ್ಧ ಅರ್ಥ ಕೈತಪ್ಪುತ್ತದೆ.

ಸುಮಾರು ಕ್ರಿ.ಶ. 180ರಲ್ಲಿ ಲಿಯೋನ್ ನಗರದ ಬಿಷಪ್ ಇರೆನೇಯಸ್, ಗುಪ್ತಜ್ಞಾನ ತಮ್ಮಲ್ಲಿದೆ ಎನ್ನುತ್ತಿದ್ದ ಪಂಥಗಳಿಗೆ ಉತ್ತರ ಬರೆದರು. ಅಂಥ ಗುಟ್ಟು ಏನಾದರೂ ಇದ್ದಿದ್ದರೆ ಪ್ರೇಷಿತರು ಅದನ್ನು ತಾವು ಸಭೆಗಳನ್ನು ವಹಿಸಿಕೊಟ್ಟವರಿಗೇ ಹೇಳುತ್ತಿದ್ದರಲ್ಲವೇ ಎಂಬುದು ಅವರ ವಾದ. ಆ ವಾದಕ್ಕಾಗಿ ರೋಮಿನ ಬಿಷಪರ ಪಟ್ಟಿಯನ್ನು ಲೀನಸ್‌ನಿಂದ ಹಿಡಿದು ತಮ್ಮ ಕಾಲದ ಎಲೂಥೆರಸ್‌ವರೆಗೆ, ಹನ್ನೆರಡು ಹೆಸರುಗಳನ್ನು, ಕೊಡುತ್ತಾರೆ. ಪ್ರೇಷಿತರಿಂದ ಬಂದ ಬೋಧನೆ ಮತ್ತು ಆ ಬೋಧನೆಯನ್ನು ಕಾಯ್ದ ಬಿಷಪರ ಸಾಲು ಅವರಲ್ಲಿ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಕನ್ನಡದಲ್ಲಿ ಮೊದಲನೆಯದಕ್ಕೂ ‘ಪರಂಪರೆ’ ಎನ್ನುತ್ತೇವೆ, ಎರಡನೆಯದಕ್ಕೂ ‘ಪರಂಪರೆ’ ಎಂದರೆ ವಾಕ್ಯವೇ ಕುಸಿಯುತ್ತದೆ. ನನ್ನ ಕರಡಿನ ಒಂದು ಕಡೆ ‘ಪ್ರೇಷಿತ ಪರಂಪರೆಯು ಪ್ರೇಷಿತ ಪರಂಪರೆಯ ಮೂಲಕ ಉಳಿದು ಬಂದಿತು’ ಎಂದು ಅಚ್ಚಾಗಿದೆ.

ಈ ಪದದ ಆಯ್ಕೆ ಒಂದು ಹಳೆಯ ಜಗಳದಲ್ಲಿ ಪಕ್ಷ ಹಿಡಿಯುತ್ತದೆ ಎಂಬುದನ್ನೂ ಗಮನಿಸಬೇಕು. ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು, ಮುಖ್ಯವಾಗಿ ಕ್ಯಾಲ್ವಿನ್, ಬಿಷಪರ ಸಾಲು ಎಷ್ಟು ಉದ್ದವಿದ್ದರೂ ಪ್ರೇಷಿತರ ಬೋಧನೆ ಉಳಿದಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ ಎಂದರು. ಅವರ ದೃಷ್ಟಿಗೆ ‘ಪರಂಪರೆ’ ಚೆನ್ನಾಗಿ ಒಪ್ಪುತ್ತದೆ. ಪದವಿಯೇ ಕೈಯಿಂದ ಕೈಗೆ ಬಂತು ಎನ್ನುವವರಿಗೆ ‘ಉತ್ತರಾಧಿಕಾರ’ ಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಬಿಷಪರೇ ಇರಲಿಲ್ಲ. ಕನ್ನಡದ ಕ್ರೈಸ್ತ ಗದ್ಯವನ್ನು ಕಟ್ಟಿದವರಲ್ಲಿ ಬಹಳ ಮಂದಿ ಅದೇ ಮಿಷನ್ನಿನವರು. ಈ ಸಿದ್ಧಾಂತಕ್ಕೆ ನಮ್ಮಲ್ಲಿ ಗಟ್ಟಿಯಾದ ಪದ ಹುಟ್ಟದಿರಲು ಇದೂ ಒಂದು ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ.

‘ಉತ್ತರಾಧಿಕಾರ’ಕ್ಕೆ ಆಸ್ತಿಯ ವಾಸನೆ ಇದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನೆನಪಾಗುತ್ತದೆ ಎಂದು ಅನುವಾದಕರ ಆಕ್ಷೇಪ. ಅದು ಅಷ್ಟು ಗಟ್ಟಿಯಲ್ಲ. ಮಠಗಳ ಸುದ್ದಿಯಲ್ಲಿ ‘ಉತ್ತರಾಧಿಕಾರಿ ನೇಮಕ’ ಎಂದು ನಾವು ದಿನವೂ ಓದುತ್ತೇವೆ. ಅಲ್ಲಿ ಯಾರಿಗೂ ಹೊಲಗದ್ದೆ ನೆನಪಾಗುವುದಿಲ್ಲ.

ಮಠದ ಮಾತು ಬಂದಾಗ ಇನ್ನೂ ಒಂದು ಪದ ಕಣ್ಣ ಮುಂದೆ ಬರುತ್ತದೆ. ಶೃಂಗೇರಿ ಪೀಠದ ಬಿರುದಾವಳಿಯಲ್ಲಿ ಹಿಂದಿನ ಗುರುಗಳ ಹೆಸರಿನ ನಂತರ ‘ತತ್ಕರಕಮಲಸಂಜಾತ’ ಎಂದು ಈಗಿನವರ ಹೆಸರು ಬರುತ್ತದೆ: ಆ ಗುರುವಿನ ಕೈಯಿಂದ ಹುಟ್ಟಿದವರು. ವೀರಶೈವ ದೀಕ್ಷೆಯಲ್ಲಿ ‘ಹಸ್ತಮಸ್ತಕ ಸಂಯೋಗ’ ಇದೆ. ಪೌಲನು ತಿಮೊಥೆಯನಿಗೆ, ನಾನು ನಿನ್ನ ಮೇಲೆ ಕೈಗಳನ್ನಿಟ್ಟಾಗ ದೊರೆತ ವರವನ್ನು ಆರಲು ಬಿಡಬೇಡ ಎಂದು ಬರೆಯುವುದನ್ನು ಓದುವಾಗ ನನಗೆ ಈ ಎರಡು ಮಾತುಗಳೂ ನೆನಪಾಗುತ್ತವೆ. ಕೈಯ ಮೂಲಕ ಏನೋ ಇಳಿಯುತ್ತದೆ ಎಂಬ ತಿಳಿವು ಕನ್ನಡಕ್ಕೆ ಹೊಸದಲ್ಲ.

ಆದರೂ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ, ನನ್ನ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ. ಮಠದಲ್ಲಿ ಸಾಮಾನ್ಯವಾಗಿ ದೀಕ್ಷೆ ಕೊಟ್ಟ ಗುರುವಿನ ಪೀಠವನ್ನೇ ಶಿಷ್ಯ ಏರುತ್ತಾನೆ. ಬಿಷಪರಲ್ಲಿ ಹಾಗಿಲ್ಲ. ಬಿಷಪ್ ತೀರಿಕೊಂಡ ಮೇಲೆ ಆ ಜಾಗಕ್ಕೆ ಬರುವವನ ತಲೆಯ ಮೇಲೆ ಬೇರೆ ಊರುಗಳ ಬಿಷಪರು ಕೈಯಿಡುತ್ತಾರೆ. 325ರ ನೈಸಿಯ ಮಹಾಸಭೆ ಕಡಿಮೆಯೆಂದರೂ ಮೂವರು ಸೇರಬೇಕು ಎಂದು ವಿಧಿಸಿತು. ಹೀಗಾಗಿ ಸಾಲುಗಳು ಎರಡು: ಯಾರ ನಂತರ ಯಾರು ಆ ಪೀಠದಲ್ಲಿ ಕುಳಿತರು ಎಂಬುದು ಒಂದು, ಯಾರಿಗೆ ಯಾರು ದೀಕ್ಷೆ ಕೊಟ್ಟರು ಎಂಬುದು ಇನ್ನೊಂದು. ಇರೆನೇಯಸ್ ಕೊಡುವುದು ಪೀಠದ ಸಾಲು. ದೀಕ್ಷೆಯ ಸಾಲನ್ನು ಹಿಡಿದು ಹಿಂದಕ್ಕೆ ಹೋದರೆ ಇಂದಿನ ಕಥೋಲಿಕ ಬಿಷಪರಲ್ಲಿ ಬಹುಪಾಲು ಮಂದಿ 1541ರಲ್ಲಿ ಬಿಷಪ್ ಆದ ಶಿಪಿಯೋನೆ ರೆಬೀಬಾ ಎಂಬವರನ್ನು ಮುಟ್ಟುತ್ತಾರೆ. ಅವರಿಗೆ ಕೈಯಿಟ್ಟವರು ಯಾರೆಂಬ ದಾಖಲೆ ಸಿಕ್ಕಿಲ್ಲ. ರೆಬೀಬಾ ಪೋಪ್, ಎಂದರೆ ರೋಮಿನ ಬಿಷಪ್, ಆಗಿರಲೇ ಇಲ್ಲ. ಎರಡು ಸಾಲುಗಳೂ ಎಷ್ಟು ಬೇರೆ ಬೇರೆ ದಾರಿ ಹಿಡಿಯಬಹುದು ಎಂಬುದಕ್ಕೆ ಇಷ್ಟು ಸಾಕು.

ನೆರೆಯ ಕೇರಳದಲ್ಲಿ ಇದು ಬರಿಯ ಪದಗಳ ವಿಚಾರವಾಗಿರಲಿಲ್ಲ. 1653ರ ಮಟ್ಟಾಂಚೇರಿಯ ಕೂನನ್ ಶಿಲುಬೆಯ ಪ್ರತಿಜ್ಞೆಯ ನಂತರ, ಪೋರ್ಚುಗೀಸರ ಹಿಡಿತದಿಂದ ಬಿಡಿಸಿಕೊಂಡ ಸಂತ ತೋಮರ ಕ್ರೈಸ್ತರು ತಮ್ಮ ಆರ್ಚ್‌ಡೀಕನ್ (ಬಿಷಪರ ಕೆಳಗಿನ ಮೇಲ್ವಿಚಾರಕ) ತೋಮಾ ಅವರನ್ನು ಬಿಷಪ್ ಮಾಡಲು ಹೊರಟರು. ಕೈಯಿಡಲು ಬಿಷಪರೇ ಇಲ್ಲ. ಹನ್ನೆರಡು ಮಂದಿ ಪಾದ್ರಿಗಳು ಸೇರಿ ಕೈಯಿಟ್ಟರು. ಜನ ಒಪ್ಪಿದರೂ ಅನುಮಾನ ಹಿಂಗಲಿಲ್ಲ. 1665ರಲ್ಲಿ ಅಂತಿಯೋಕ್ಯದ (ಸಿರಿಯನ್ ಆರ್ಥಡಾಕ್ಸ್ ಸಭೆಯ ಹಿರಿಯ ಪೀಠದ) ಕಡೆಯಿಂದ ಬಿಷಪ್ ಮಾರ್ ಗ್ರಿಗೋರಿಯೋಸ್ ಅಬ್ದುಲ್ ಜಲೀಲ್ ಬಂದ ಮೇಲಷ್ಟೇ ಆ ಪದವಿ ಕ್ರಮಬದ್ಧವಾಯಿತು ಎಂಬುದು ಸಿರಿಯನ್ ಸಭೆಯ ತಿಳಿವಳಿಕೆ. ಮಲೆಯಾಳದಲ್ಲಿ ಇದಕ್ಕೆ ‘ಪಿಂತುಡರ್ಚ’ ಎನ್ನುತ್ತಾರೆ. ಹಿಂದೆ ತೊಡರಿಕೊಂಡು ಬರುವುದು. ನಮ್ಮ ‘ತೊಡರು’ ಅದರ ಬಂಧು. ಅಷ್ಟು ಸಲೀಸಾದ ದೇಸಿ ಪದ ನಮಗೆ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತದೆ.

ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರಕ್ಕೂ ಈ ಕಥೆಯ ಎಳೆಯೊಂದಿದೆ. ಅಲ್ಲಿನ ಕೊಂಕಣಿ ಮಾತಾಡುವ ಆರ್ಥಡಾಕ್ಸ್ ಕ್ರೈಸ್ತರು ತಮ್ಮ ಮೂಲಪುರುಷರಲ್ಲಿ ಒಬ್ಬರೆಂದು ಗೌರವಿಸುವ ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸ್ 1889ರಲ್ಲಿ ಕೊಟ್ಟಾಯಂನಲ್ಲಿ ಬಿಷಪ್ ದೀಕ್ಷೆ ಪಡೆದರು. ಅವರು 1892ರಲ್ಲಿ ಕೊಲಂಬೋದಲ್ಲಿ ಜೋಸೆಫ್ ರೆನೆ ವಿಲಾತ್ ಎಂಬವರ ತಲೆಯ ಮೇಲೆ ಕೈಯಿಟ್ಟರು. ವಿಲಾತ್ ಅಮೆರಿಕಕ್ಕೆ ಮರಳಿ ಹಲವರಿಗೆ ದೀಕ್ಷೆ ಕೊಟ್ಟರು, ಯಾವ ದೊಡ್ಡ ಸಭೆಗೂ ಸೇರದ ಎಷ್ಟೋ ಬಿಷಪರು ಇಂದಿಗೂ ಆ ಸಾಲನ್ನೇ ತೋರಿಸುತ್ತಾರೆ. ಇವರಲ್ಲಿ ದೀಕ್ಷೆಯ ಸಾಲು ಉಂಟು, ಹಳೆಯ ಪೀಠದ ಸಾಲು ಇಲ್ಲ. ‘ಪ್ರೇಷಿತ ಪರಂಪರೆ’ ಎಂಬ ಒಂದೇ ಪದ ಇಟ್ಟುಕೊಂಡು ಈ ಪ್ಯಾರಾವನ್ನು ಅನುವಾದಿಸಲು ನನ್ನಿಂದ ಆಗಲಿಲ್ಲ.

ಸದ್ಯಕ್ಕೆ ಹೀಗೆ ಮಾಡಿಕೊಂಡಿದ್ದೇನೆ. ಬೋಧನೆಗೆ ‘ಪ್ರೇಷಿತ ಪರಂಪರೆ’, ಸಿದ್ಧಾಂತಕ್ಕೆ ‘ಪ್ರೇಷಿತ ಉತ್ತರಾಧಿಕಾರ’, ಅದರೊಳಗಿನ ಎರಡು ಸಾಲುಗಳಿಗೆ ‘ಪೀಠಕ್ರಮ’ ಮತ್ತು ‘ದೀಕ್ಷಾಕ್ರಮ’. ಪಾದ್ರಿಯಾಗುವುದಕ್ಕೆ ಕಥೋಲಿಕರು ‘ಗುರುದೀಕ್ಷೆ’ ಎನ್ನುವುದರಿಂದ ಕೊನೆಯದು ಪರಕೀಯವೆನಿಸಲಾರದು. ಆದರೆ ‘ಉತ್ತರಾಧಿಕಾರಿ’ ಎಂದಾಗ ಬಿಷಪ್ ತಾನೇ ಒಬ್ಬ ಪ್ರೇಷಿತನಾದ ಎಂಬ ಭ್ರಮೆ ಹುಟ್ಟಬಾರದು. ಯೇಸುವಿಗೆ ದ್ರೋಹ ಬಗೆದ ಪ್ರೇಷಿತ ಯೂದನ ಜಾಗಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿದರು. ಅರಸ ಹೆರೋದನು ಪ್ರೇಷಿತ ಯಾಕೋಬನನ್ನು ಕೊಲ್ಲಿಸಿದಾಗ ಆ ಜಾಗಕ್ಕೆ ಯಾರನ್ನೂ ಆರಿಸಿದ ಸುದ್ದಿ ಇಲ್ಲ. ಯೇಸುವನ್ನು ಕಣ್ಣಾರೆ ಕಂಡವರ ಸಾಕ್ಷ್ಯ ಮತ್ತೊಬ್ಬರಿಗೆ ವರ್ಗವಾಗುವುದಿಲ್ಲ, ಮೇಲ್ವಿಚಾರಣೆಯ ಹೊಣೆ ಮಾತ್ರ ವರ್ಗವಾಗುತ್ತದೆ. ಈ ಗೆರೆಯನ್ನು ಪದದಲ್ಲೇ ತೋರಿಸಲು ಸಾಧ್ಯವೇ?

ಇನ್ನೊಂದು ಬೇಡಿಕೆ. 1896ರಲ್ಲಿ ಪೋಪ್ ಹದಿಮೂರನೆಯ ಲಿಯೋ ಆಂಗ್ಲಿಕನ್ ದೀಕ್ಷೆಗಳು ‘ಅಸಿಂಧು’ ಎಂದರು. ಇದಕ್ಕೆ ಪದ ಸರಿಯಿದೆ. 1988ರಲ್ಲಿ ಆರ್ಚ್‌ಬಿಷಪ್ ಲೆಫೆಬ್ರ್ ಪೋಪರ ಅನುಮತಿಯಿಲ್ಲದೆ ನಾಲ್ವರಿಗೆ ಕೊಟ್ಟ ಬಿಷಪ್ ದೀಕ್ಷೆ ಸಿಂಧು, ಆದರೆ ನಿಯಮಬಾಹಿರ. ಕರಡಿನಲ್ಲಿ ‘ಸಿಂಧುವಾದ ಅಕ್ರಮ ದೀಕ್ಷೆ’ ಎಂದಿದೆ. ‘ಅಕ್ರಮ’ ಎಂದೊಡನೆ ನಮ್ಮ ಓದುಗರಿಗೆ ಕಟ್ಟಡ, ಮರಳು, ನೀರಿನ ಸಂಪರ್ಕ ನೆನಪಾಗುತ್ತದೆ. ‘ಅನನುಮತ’ ಎಂದರೆ ನಾಲಿಗೆ ತೊಡರುತ್ತದೆ. ಚರ್ಚಿನ ಕಾನೂನನ್ನು ಕನ್ನಡದಲ್ಲಿ ಕಲಿಸುವವರು, ಕಲಿತವರು ಈ ಬಳಗದಲ್ಲಿ ಇದ್ದರೆ, ತರಗತಿಯಲ್ಲಿ ಏನನ್ನುತ್ತೀರಿ ಎಂದು ದಯವಿಟ್ಟು ತಿಳಿಸಿ. ಪುಟಗಳನ್ನು ತಿಂಗಳ ಕೊನೆಗೆ ಅಚ್ಚಿಗೆ ಕೊಡಬೇಕು.