ಮರದ ನೆನಪಿನ ಪೆಟ್ಟಿಗೆ: ಮುಚ್ಚಳ ಬಾಗಿದೆ, ಮೂಲೆ ಬಿಟ್ಟಿದೆ. ಸರಿ ಮಾಡಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಜ್ಜಿ ತಮ್ಮ ಹಳೇ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಅವುಗಳಿಗೆಂದು ಬೀಚ್ ಮರದಲ್ಲಿ ಒಂದು ಪೆಟ್ಟಿಗೆ ಮಾಡಿದೆ. ಉದ್ದ 22 ಸೆಂ.ಮೀ., ಅಗಲ 14. ಮುಚ್ಚಳ ಒಂದೇ ಹಲಗೆ, 8 ಮಿ.ಮೀ. ದಪ್ಪ. ಮೂಲೆಗಳನ್ನು 45 ಡಿಗ್ರಿಗೆ ಕೊಯ್ದು ಬಿಳಿ ಅಂಟು ಹಾಕಿ ಕೂರಿಸಿದೆ. ಹೊರಗೆ ಮೂರು ಕೈ ವಾರ್ನಿಷ್, ಒಳಗೋಡೆಗೆ ಅಗಸೆ ಎಣ್ಣೆ. ಮುಚ್ಚಳದ ಒಳಮುಖಕ್ಕೆ ಬಟ್ಟೆ ಅಂಟಿಸೋಣ ಅಂತ ಏನೂ ಹಚ್ಚಲಿಲ್ಲ.

ಮುಗಿಸಿದ ದಿನ ಎಲ್ಲೂ ಸಂದು ಇರಲಿಲ್ಲ. ಆಮೇಲೆ ವಾರಪೂರ್ತಿ ಮಳೆ. ಈಗ ಮುಚ್ಚಳದ ಉದ್ದದ ಅಂಚುಗಳು ಮೇಲೆದ್ದಿವೆ, ಒಂದು ಮೂಲೆ ಬಾಯಿ ಬಿಟ್ಟಿದೆ. ಒಳಗೆ ಎಣ್ಣೆ ವಾಸನೆ ಬೇರೆ. ಹುಟ್ಟುಹಬ್ಬಕ್ಕೆ ಮೂರು ವಾರ ಇದೆ. ಮುಚ್ಚಳದ ಮೇಲೆ ಭಾರ ಹೇರಿ ಇಡಲಾ?

ಉತ್ತರ 1

ಭಾರ ಹೇರಬೇಡಿ. ಭಾರ ತೆಗೆದ ಮೇಲೆ ಮತ್ತೆ ಬಾಗುತ್ತದೆ. ಮೊದಲು ಒಂದು ಪರೀಕ್ಷೆ ಮಾಡಿ. ಮುಚ್ಚಳವನ್ನು ಹೊರಮುಖ ಕೆಳಗೆ ಮಾಡಿ ಗಾಜಿನ ಮೇಲೆ ಇಡಿ. ಎರಡೂ ಉದ್ದದ ಅಂಚು ಗಾಜಿಗೆ ತಾಗಿ ನಡುವೆ ಬೆಳಕು ಕಂಡರೆ ಹಲಗೆ ಬಾಗಿದೆ ಅಷ್ಟೆ. ಎದುರುಬದುರು ಮೂಲೆಗಳ ಮೇಲೆ ಕುಂಟುತ್ತಿದ್ದರೆ ತಿರುಚಿದೆ. ತಿರುಚಿದ್ದನ್ನು ನೆಟ್ಟಗೆ ಮಾಡುವುದು ಕಷ್ಟ, ಹೊಸ ಮುಚ್ಚಳವೇ ಮಾಡಬೇಕು.

ಇನ್ನೊಂದು ಮಾತು. ತಳ ಯಾವುದರದ್ದು? ಹೇಗೆ ಕೂರಿಸಿದ್ದೀರಿ?

ಪ್ರಶ್ನೆ ಕೇಳಿದವರು

ನಡುವೆ ಬೆಳಕು ಕಾಣುತ್ತದೆ, ಕುಂಟುತ್ತಿಲ್ಲ. ತಳವೂ ಬೀಚ್ ಹಲಗೆಯೇ, 6 ಮಿ.ಮೀ. ನಾಲ್ಕೂ ಗೋಡೆಗಳ ನಡುವೆ ಬಿಗಿಯಾಗಿ ಕೂರಿಸಿ, ಸುತ್ತಲೂ ಅಂಟು ಹಾಕಿದ್ದೇನೆ. ಮೂಲೆಯನ್ನು ನಾನು ಸರಿಯಾಗಿ ಕೊಯ್ದಿಲ್ಲ ಅನಿಸುತ್ತದೆ.

ಉತ್ತರ 1

ನಿಮ್ಮ ಕೊಯ್ತ ಸರಿಯಾಗಿದೆ. ಇಲ್ಲದಿದ್ದರೆ ಮೊದಲ ದಿನವೇ ಸಂದು ಕಾಣುತ್ತಿತ್ತು, ಅಲ್ವಾ? ಆ ಸಂದು ಮೇಲ್ಗಡೆಗಿಂತ ತಳದ ಹತ್ತಿರ ಅಗಲವಾಗಿದೆಯಾ ನೋಡಿ. ಹಾಗಿದ್ದರೆ ತಳವೇ ಗೋಡೆಗಳನ್ನು ಹೊರಗೆ ತಳ್ಳಿದೆ.

ಮರ ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಬೆಳೆಯುವುದೇ ಇಲ್ಲ. ಎಳೆಗೆ ಅಡ್ಡಲಾಗಿ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೀಚ್ ಗಟ್ಟಿ ಮರ, ಆದರೆ ಈ ವಿಷಯದಲ್ಲಿ ತೇಗಕ್ಕಿಂತ ತುಂಬಾ ಜಾಸ್ತಿ. 14 ಸೆಂ.ಮೀ. ಹಲಗೆ ಮಳೆಗಾಲದಲ್ಲಿ ಒಂದು ಮಿಲಿಮೀಟರ್ ಹಿಗ್ಗುವುದು ಸಾಮಾನ್ಯ. ಅದಕ್ಕೆ ನೀವು ಜಾಗ ಬಿಟ್ಟಿಲ್ಲ. ಹಾಗಾಗಿ ಗಟ್ಟಿ ಹಿಡಿಯದ ಮೂಲೆ ಬಿಟ್ಟುಕೊಂಡಿದೆ. 45 ಡಿಗ್ರಿ ಜೋಡಣೆಯಲ್ಲಿ ತುದಿಮರ (ಎಳೆಗಳನ್ನು ಕಡಿದ ಮುಖ) ಅಂಟನ್ನು ಹೀರಿಬಿಡುತ್ತದೆ, ಅದು ಮೊದಲೇ ಬಲವಿಲ್ಲದ ಜೋಡಣೆ.

ಮುಚ್ಚಳದ ಕಥೆಯೂ ಇದೇ. ವಾರ್ನಿಷ್ ಇರುವ ಮುಖ ತೇವ ಒಳಗೆ ಬಿಡುವುದು ಕಡಿಮೆ. ಬರೀ ಮರದ ಒಳಮುಖ ಹೀರಿಕೊಂಡು ಹಿಗ್ಗಿತು. ಹಲಗೆ ಬಾಗಿತು.

ಹೀಗೆ ಮಾಡಿ. ತಳವನ್ನು ತೆಳು ಗರಗಸದಿಂದ ಬಿಡಿಸಿ ತೆಗೆಯಿರಿ. ಬಿಟ್ಟ ಮೂಲೆಯಲ್ಲಿ ಹಳೇ ಅಂಟನ್ನು ಪೂರ್ತಿ ಕೆರೆಯಿರಿ. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ನೆಟ್ಟಗೆ ಹಿಡಿಯುವುದಿಲ್ಲ, ಇಲ್ಲಿ ಅವಸರ ಬೇಡ. ಮೊದಲು ತೆಳುವಾಗಿ ಒಂದು ಕೈ ಅಂಟು ಸವರಿ ಹೀರಲು ಬಿಡಿ. ಆಮೇಲೆ ಎರಡನೇ ಕೈ ಹಚ್ಚಿ ಕ್ಲ್ಯಾಂಪ್ ಹಾಕಿ, ಒಂದು ದಿನ ಮುಟ್ಟಬೇಡಿ. ನಂತರ ನಾಲ್ಕೂ ಮೂಲೆಗೆ ಅಡ್ಡಲಾಗಿ ಗರಗಸದಲ್ಲಿ ಎರಡೆರಡು ಗೀರು ಕೊಯ್ದು ತೆಳು ಮರದ ಪಟ್ಟಿ ಅಂಟಿಸಿ. ಪಟ್ಟಿಯ ಎಳೆ ಮೂಲೆಯನ್ನು ದಾಟಿ ಹೋಗುವಂತಿರಲಿ. ಕಪ್ಪು ಮರದ ಪಟ್ಟಿ ಹಾಕಿದರೆ ನೋಡಲೂ ಚೆಂದ.

ಹೊಸ ತಳ 4 ಮಿ.ಮೀ. ಪ್ಲೈವುಡ್ ಇರಲಿ. ಅದರ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಹಿಗ್ಗುವುದು ತೀರಾ ಕಡಿಮೆ, ಅಂಟಿಸಿದರೂ ತೊಂದರೆಯಿಲ್ಲ.

ಉತ್ತರ 2

ಮುಚ್ಚಳವನ್ನು ಒಣ ಕೋಣೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಬಿಸಿಲಿಗೆ ಇಡಬೇಡಿ. ನೆಟ್ಟಗಾದ ಮೇಲೆ ಒಳಮುಖಕ್ಕೂ ಮೂರು ಕೈ ವಾರ್ನಿಷ್ ಹಚ್ಚಿ, ಆಮೇಲೆ ಬಟ್ಟೆ. ಭಯವಿದ್ದರೆ ಒಳಗಡೆ ಅಗಲಕ್ಕೆ ಎರಡು ಪಟ್ಟಿ ಸ್ಕ್ರೂ ಮಾಡಿ, ಅಂಟು ಬೇಡ. ಪಟ್ಟಿಯ ನಡುವಿನ ತೂತು ಬಿಗಿಯಾಗಿರಲಿ, ಅಂಚಿನ ತೂತುಗಳು ಪಟ್ಟಿಯ ಉದ್ದಕ್ಕೆ ಉದ್ದುದ್ದ ಇರಲಿ. ಆಗ ಹಲಗೆ ಹಿಗ್ಗಿದರೂ ಸೀಳುವುದಿಲ್ಲ.

ಅಗಸೆ ಎಣ್ಣೆ ಒಣಗಲು ಗಾಳಿ ಬೇಕು. ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ವಾಸನೆ ತಿಂಗಳುಗಟ್ಟಲೆ ಇರುತ್ತದೆ, ಕಾಗದಕ್ಕೂ ಹತ್ತುತ್ತದೆ. ಈಗ ತೆರೆದಿಡಿ. ಎಣ್ಣೆ ಪೂರ್ತಿ ಒಣಗಿದ ಮೇಲೆ ಎರಡು ಕೈ ಶೆಲ್ಯಾಕ್ (ಅರಗಿನ ಪಾಲಿಶ್) ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದ್ದೀರಾ? ಈಗಲೇ ಹುಡುಕಿ, ನೀರಲ್ಲಿ ನೆನೆಸಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಬಟ್ಟೆ ಮೂಲೆಯಲ್ಲೇ ಮುದ್ದೆಯಾಗಿ ಬಿದ್ದಿತ್ತು. ನೆನೆಸಿದೆ, ತುಂಬಾ ಥ್ಯಾಂಕ್ಸ್. ಸಂದು ತಳದ ಹತ್ತಿರವೇ ಅಗಲ ಇತ್ತು. ತಳ ಬಿಡಿಸುತ್ತಿದ್ದ ಹಾಗೇ ಮೂಲೆ ಅರ್ಧ ಮುಚ್ಚಿಕೊಂಡಿತು! ಐದನೇ ದಿನಕ್ಕೆ ಮುಚ್ಚಳ ಗಾಜಿನ ಮೇಲೆ ಸಮನಾಗಿ ಕೂತಿದೆ. ಇವತ್ತು ಮೊದಲ ಕೈ ವಾರ್ನಿಷ್ ಹಚ್ಚಿದೆ. ಹಿತ್ತಾಳೆ ಕೀಲು ಕೂರಿಸುವಾಗ ಏನಾದರೂ ನೋಡಿಕೊಳ್ಳಬೇಕಾ?

ಉತ್ತರ 1

ಹಿತ್ತಾಳೆ ಸ್ಕ್ರೂ ಬೀಚ್‌ನಲ್ಲಿ ಪಟ್ಟನೆ ಮುರಿಯುತ್ತದೆ. ಮೊದಲು ತೂತು ಕೊರೆಯಿರಿ. ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆಯಿರಿ. ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಕೈಯಲ್ಲೇ ನಿಧಾನ ಕೂರಿಸಿ.