ಸಹಾಯ ಬೇಕು: ಡೀಸೆಲ್ ಎಸ್‌ಯುವಿಯ ಡಿಪಿಎಫ್, ಕ್ಲಚ್ ಖರ್ಚು ಎಷ್ಟಾಗಬಹುದು?

ನಮ್ಮದು ಬಳ್ಳಾರಿ. ಗಾಡಿ 2021ರ ಬಿಎಸ್6 ಡೀಸೆಲ್ ಎಸ್‌ಯುವಿ. ಜಾಸ್ತಿ ಊರೊಳಗಿನ ಓಡಾಟವೇ. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಹತ್ತುತ್ತಿದೆ. ಹೊಸಪೇಟೆ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಮಸಿ ಸುಟ್ಟು ದೀಪ ಆರುತ್ತದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಹಾಜರ್! ಏರ್ ಫಿಲ್ಟರ್ ತೆಗೆದು ನೋಡಿದರೆ ಮಡಿಕೆ ಮಡಿಕೆಯಲ್ಲೂ ಕೆಂಪು ಅದಿರಿನ ಧೂಳು. ಅದನ್ನಂತೂ ಬದಲಾಯಿಸಿದೆ.

ದೊಡ್ಡ ತಲೆನೋವು ಕ್ಲಚ್. ಸಂಡೂರು ಕಡೆ ಏರು ಹತ್ತುವಾಗ ಆಕ್ಸಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರುತ್ತೆ, ಗಾಡಿ ಮಾತ್ರ ಎಳೆಯಲ್ಲ. ಸುಟ್ಟ ವಾಸನೆ ಬೇರೆ. ಸರ್ವಿಸ್ ಸೆಂಟರಿನವರು ಫ್ಲೈವೀಲ್ (ಕ್ಲಚ್ ಕೂರುವ ಇಂಜಿನ್ ಚಕ್ರ) ಸೇರಿಸಿ 50 ಸಾವಿರದ ಹತ್ತಿರ ಎಸ್ಟಿಮೇಟ್ ಕೊಟ್ಟಿದ್ದಾರೆ. ಹೊರಗಿನ ಮೆಕ್ಯಾನಿಕ್, ಬಿಚ್ಚಿ ನೋಡದೆ ಫ್ಲೈವೀಲ್ ಯಾಕೆ ಅಂತಾನೆ. ಅವನ ಮಾತೇ ಸರಿ ಅನಿಸುತ್ತಿದೆ.

ಎಸ್ಟಿಮೇಟಿನಲ್ಲಿ ಬಿಡಿಭಾಗಕ್ಕೆ ಇನ್ನೂ 28% ಜಿಎಸ್‌ಟಿ ಹಾಕಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಅದು 18% ಅಲ್ವಾ?

ಕ್ಲಚ್ ಮಾಡಿಸಿದವರು ಬಿಡಿಭಾಗ, ಕೂಲಿ ಬೇರೆ ಬೇರೆಯಾಗಿ ಎಷ್ಟಾಯಿತು ತಿಳಿಸಿ. ಸ್ಕ್ಯಾನರ್ ಹಾಕಿ ಡಿಪಿಎಫ್ ರೀಜನರೇಶನ್ (ಒಳಗಿನ ಮಸಿ ಸುಡಿಸುವುದು) ಮಾಡುವವರು ಬಳ್ಳಾರಿ ಅಥವಾ ಹೊಸಪೇಟೆಯಲ್ಲಿ ಯಾರಿದ್ದಾರೆ? ಡಿಪಿಎಫ್ ಕಿತ್ತು ಹಾಕಿಸಿ ಅನ್ನೋ ಸಲಹೆ ಮಾತ್ರ ಬೇಡ, ಹೊಗೆ ತಪಾಸಣೆಯಲ್ಲಿ ಸುಮ್ನೆ ತೊಂದರೆ.